ದೂರು ಬೇಕಾಗಿದೆ

ಕುರಮೊಚಿ ನೋಡಿಕೊಳ್ಳುತ್ತಿದ್ದ ಯಂತ್ರಗಳ ಬಗ್ಗೆ ವರ್ಷವಿಡೀ ಒಂದೂ ದೂರು ಬಂದಿರಲಿಲ್ಲ. ಅನರ್ಥಕ್ಕೆ ಅದೇ ಕಾರಣವಾಯಿತು.

ಸಕಾತಾ ಊರಿನ ಕಾರ್ಖಾನೆ, ಕಚೇರಿಗಳಲ್ಲಿ ನಿಂತಿರುವ ಗುಂಡಿ ಒತ್ತಿದರೆ ಬಿಸಿ ಚಹಾ, ಕಾಫಿಯ ಡಬ್ಬಿ ಬೀಳಿಸುವ ವೆಂಡಿಂಗ್ ಯಂತ್ರಗಳನ್ನು ಸುಸ್ಥಿತಿಯಲ್ಲಿಡುವುದು ಅವನ ಕೆಲಸ. ಡಬ್ಬಿ ತುಂಬಿಸಿ ಹೋಗುವವರು ಬೇರೆ. ಕೆಟ್ಟರೆ ಬರುವವನು ಇವನು. ಆ ಜನವರಿಯ ಬೆಳಿಗ್ಗೆ, ಸೆಂದೈಯಿಂದ ಹೊಸದಾಗಿ ಬಂದಿದ್ದ ವಿಭಾಗದ ಮುಖ್ಯಸ್ಥ ಉದಗಾವಾ ಅವನನ್ನು ಪಕ್ಕಕ್ಕೆ ಕರೆದು, ಸಾವಿನ ಮನೆಯಲ್ಲಿ ಮಾತಾಡುವವರ ದನಿಯಲ್ಲಿ ವಿಷಯ ತಿಳಿಸಿದ. ದೂರೇ ಬಾರದ ಊರಿಗೆ ಆಳು ಯಾಕೆ, ಕಂಪ್ಯೂಟರಿನಲ್ಲೇ ಕಣ್ಣಿಟ್ಟರೆ ಸಾಕಲ್ಲ ಎಂದು ಟೋಕಿಯೋದ ಮುಖ್ಯ ಕಚೇರಿಗೆ ಅನ್ನಿಸಿದೆ. ಕುರಮೊಚಿಗೆ ಉತ್ತರದ ಹೊಕ್ಕೈದೋ ದ್ವೀಪದ ತುತ್ತತುದಿಯ, ಇಲ್ಲಿಗಿಂತಲೂ ಚಳಿಯ ನೆಮುರೋಗೆ ವರ್ಗವಾಗಲಿದೆ.

"ಸಂಜೆ ನನ್ನ ವರದಿ ಹೋಗುತ್ತೆ. ಅಷ್ಟರೊಳಗೆ ಗಿರಾಕಿಗಳ ಕಡೆಯಿಂದ ಒಂದೇ ಒಂದು ದೂರು ಬಂದ್ರೂ ಸಾಕು, ಇಲ್ಲಿಗೆ ಮನುಷ್ಯ ಬೇಕು ಅಂತ ಬರೀತೀನಿ. ಇದಕ್ಕಿಂತ ಹೆಚ್ಚು ನನ್ನ ಕೈಲಾಗಲ್ಲ" ಎಂದ ಉದಗಾವಾ.

ಕುರಮೊಚಿಗೆ ನಲವತ್ತಾರು ದಾಟಿದ ಮೇಲೆ, ನೆಂಟರೆಲ್ಲ ಆಸೆ ಬಿಟ್ಟ ಮೇಲೆ, ಕಳೆದ ಶರತ್ಕಾಲದಲ್ಲಷ್ಟೇ ಮದುವೆಯಾಗಿತ್ತು. ಹೆಂಡತಿ ಚಿಜುರು ಮೀನು ಮಾರುಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದಳು. ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಅವಳು ಎಲ್ಲಿಗೂ ಹೋಗುವಂತಿರಲಿಲ್ಲ. ಅದಕ್ಕೇ ಇವನೇ ಅವಳ ತವರುಮನೆಗೆ ಬಂದು ಸೇರಿದ್ದ. ನೆಮುರೋಗೆ ಹೋದರೆ ಒಬ್ಬನೇ ಹೋಗಬೇಕು. ಇಷ್ಟು ವರ್ಷ ಒಬ್ಬನೇ ಇದ್ದದ್ದು ಸಾಲದೇ ಎಂದು ಯಾರನ್ನು ಕೇಳುವುದು? ಹೆಂಡತಿಗೆ ಫೋನ್ ಮಾಡಿ ಹೇಳೋಣವೆನ್ನಿಸಿತು. ಕೆಲಸದ ಹೊತ್ತಿನಲ್ಲಿ ಅವಳ ಮನಸ್ಸು ಕೆಡಿಸುವುದೇಕೆಂದು ಸುಮ್ಮನಾದ.

ಮೊದಲು ಅವನು ಹೋದದ್ದು ಕಾರು ಕಲಿಸುವ ಶಾಲೆಗೆ. ಯಂತ್ರ ಹೇಗಿದೆ ಎಂದು ವಿಚಾರಿಸಿದಾಗ ಅಲ್ಲಿನ ಗುಮಾಸ್ತೆ ಇಸೊಬೆ, ಬಹಳ ಚೆನ್ನಾಗಿದೆ ಎಂದು ತಲೆಬಾಗಿದಳು. ಕುರಮೊಚಿ ಬಿಸಿ ಚಹಾದ ಗುಂಡಿ ಒತ್ತಿದ. ಬಿದ್ದ ಡಬ್ಬಿ ಹೆಣದ ಕೈಯ ಹಾಗೆ ತಣ್ಣಗಿತ್ತು. ಆಗಲೇ ಅವನ ಕಣ್ಣು ಮೂಲೆಯ ಸೀಮೆಎಣ್ಣೆ ಒಲೆಯ ಕಡೆ ಹೋಯಿತು. ಅದರ ಮೇಲೊಂದು ಪಾತ್ರೆ. ಪಾತ್ರೆಯ ನೀರಿನಲ್ಲಿ ಚಹಾದ ಡಬ್ಬಿಗಳು ಸಾಲಾಗಿ ಸ್ನಾನ ಮಾಡುತ್ತಿದ್ದವು.

"ಹೊಸವರ್ಷದಿಂದ ಹೀಗೇ. ಈ ಹಿಮದಲ್ಲಿ ಪಾಪ ನಿಮ್ಮನ್ನ ಕರೆಸೋದು ಬೇಡ ಅಂತ ನಾವೇ ಬಿಸಿ ಮಾಡ್ಕೊಳ್ತಿದ್ದೀವಿ" ಎಂದು ಇಸೊಬೆ ತಪ್ಪು ಮಾಡಿದವಳಂತೆ ಒಪ್ಪಿಕೊಂಡಳು.

ಕುರಮೊಚಿಗೆ ಅಳುವಷ್ಟು ಸಂತೋಷವಾಯಿತು. ದಯವಿಟ್ಟು ಈಗಲೇ ಕಂಪನಿಗೆ ದೂರು ಕೊಡಿ ಎಂದು ಬೇಡಿಕೊಂಡ. ಇಸೊಬೆಯ ಮುಖ ಬಿಳಿಚಿತು. ಇಪ್ಪತ್ತು ವರ್ಷದಿಂದ ಬಂದುಹೋಗುವ ಮನುಷ್ಯನ ಮೇಲೆ ದೂರು ಕೊಟ್ಟರೆ ನಾಳೆ ಬೀದಿಯಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ ಎಂದಳು. ಅವನು ಕಾರಣ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ, ಇವನ ಕೆಲಸಕ್ಕೆ ಏನೋ ಕುತ್ತು ಬಂದಿದೆ, ಅದಕ್ಕೇ ಗಿರಾಕಿಗಳ ಮನಸ್ಸು ಪರೀಕ್ಷಿಸುತ್ತಿದ್ದಾನೆ ಎಂದು ಅವಳೇ ತೀರ್ಮಾನಿಸಿಬಿಟ್ಟಿದ್ದಳು. ಅವನ ಕೈಗೆ ಒಂದು ಪೊಟ್ಟಣ ಮೂಲಂಗಿ ಉಪ್ಪಿನಕಾಯಿ ತುರುಕಿ, ಧೈರ್ಯವಾಗಿರಿ ಎಂದು ಬಾಗಿಲವರೆಗೂ ಬಂದು ಬೀಳ್ಕೊಟ್ಟಳು. ಅಷ್ಟರಲ್ಲಿ ಅವನ ಹಾಳು ಕೈಗಳು ಯಂತ್ರವನ್ನು ಸರಿಮಾಡಿಯೂ ಆಗಿತ್ತು.

ಆಮೇಲೆ ನೂಡಲ್ಸ್ ಕಾರ್ಖಾನೆ. ಅಲ್ಲಿನ ಮೇಸ್ತ್ರಿ ನುಕುಯಿ ಯಂತ್ರಕ್ಕೆ ಬೆನ್ನು ಕೊಟ್ಟು ಕಾವಲುಗಾರನಂತೆ ನಿಂತಿದ್ದ. ಅವನನ್ನು ಪಕ್ಕಕ್ಕೆ ಸರಿಸಿ ಕುರಮೊಚಿ ಹಸಿರು ಚಹಾ ಒತ್ತಿದರೆ ಜೋಳದ ಸೂಪು ಬಂತು. ಕಾಫಿ ಒತ್ತಿದರೆ ಹಸಿರು ಚಹಾ.

ತುಂಬಿಸುವವನು ಸಾಲು ತಪ್ಪಿಸಿ ತಿಂಗಳುಗಳೇ ಆಗಿದ್ದವಂತೆ. ಎಲ್ಲರಿಗೂ ಅಭ್ಯಾಸವಾಗಿಹೋಗಿದೆ, ಹೊಸದಾಗಿ ಸೇರುವವರಿಗೆ ಮೊದಲ ದಿನವೇ ಕಲಿಸಿಕೊಡುತ್ತೇವೆ ಎಂದು ನುಕುಯಿ ಸಮಾಧಾನ ಹೇಳಿದ.

"ದೂರು ಕೊಡಿ ನುಕುಯಿ. ನಿಮ್ಮ ಕಾಲು ಹಿಡೀತೀನಿ" ಎಂದ ಕುರಮೊಚಿ.

"ಇಸೊಬೆ ಆಗ್ಲೇ ಫೋನ್ ಮಾಡಿ ಎಲ್ಲಾ ಹೇಳಿದ್ಲು. ನೀನೇನೂ ಹೆದರ್ಬೇಡ ಕಣಯ್ಯ, ನಿನ್ನ ಬಾಯಿಂದ ಇಂಥ ಮಾತು ಹೇಳಿಸ್ತಿರೋರು ಆ ಕಂಪನಿಯೋರೇ ಅಂತ ನಂಗೊತ್ತು. ನಾವು ಊರೋರು ಸತ್ತಿಲ್ಲ."

ಕುರಮೊಚಿ ನಿಜ ಹೇಳಿದ. ದೂರು ಬಂದರೆ ಉಳಿಯುತ್ತೇನೆ, ಬಾರದಿದ್ದರೆ ಹೋಗುತ್ತೇನೆ ಎಂದು ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ. ನುಕುಯಿ ಮರುಕದಿಂದ ಅವನ ಹೆಗಲು ತಟ್ಟಿದ. ದೂರು ಕೊಟ್ಟರೆ ಕೆಲಸ ಉಳಿಯುವ ಕಂಪನಿ ಈ ಭೂಮಿಯ ಮೇಲೆ ಇದ್ದೀತೆಂದು ಅವನು ನಂಬಲಿಲ್ಲ.

ಮಧ್ಯಾಹ್ನಕ್ಕೆ ಉದಗಾವಾನ ಫೋನು ಬಂತು. ಕಾರು ಶಾಲೆಯಿಂದ, ಕಾರ್ಖಾನೆಯಿಂದ, ಕುರಮೊಚಿ ಇನ್ನೂ ಕಾಲಿಡದ ಅಂಚೆ ಕಚೇರಿಯಿಂದಲೂ ಅವನ ಹೊಗಳಿಕೆ ಬಂದು ಬೀಳುತ್ತಿದೆ. ಇಷ್ಟು ತೃಪ್ತ ಗಿರಾಕಿಗಳನ್ನು ದೇಶದಲ್ಲೇ ಕಂಡಿಲ್ಲವೆಂದು ಟೋಕಿಯೋದವರು ಬೆರಗಾಗಿದ್ದಾರೆ. ಹೇಳುವಾಗ ಉದಗಾವಾನ ದನಿ ಇನ್ನಷ್ಟು ತಗ್ಗಿತ್ತು.

ಉಳಿದದ್ದು ಒಂದೇ ದಾರಿ. ಕುರಮೊಚಿ ಮನೆಗೆ ಹೋದ. ಚಿಜುರು ಕೆಲಸದಿಂದ ಬಂದಿರಲಿಲ್ಲ; ಅತ್ತೆ ಒಳಗೆ ನಿದ್ದೆಯಲ್ಲಿದ್ದರು. ತನ್ನ ಮೊಬೈಲಿನಿಂದ ಮಾಡಿದರೆ ಕಂಪನಿಗೆ ಗೊತ್ತಾಗುವುದೆಂದು ಮನೆಯ ಫೋನಿನಿಂದಲೇ ಕಂಪನಿಯ ದೂರಿನ ನಂಬರಿಗೆ ಕರೆ ಮಾಡಿ, ಬಾಯಿಗೆ ಕರವಸ್ತ್ರ ಒತ್ತಿ, ಜೀವನದಲ್ಲಿ ಮೊದಲ ಸಲ ಒರಟಾಗಿ ಮಾತಾಡಿದ. ಕಾರು ಶಾಲೆಯ ಯಂತ್ರದ ಚಹಾ ಮಂಜುಗಡ್ಡೆಯಾಗಿತ್ತು, ಅದನ್ನು ನೋಡಿಕೊಳ್ಳುವ ಮನುಷ್ಯ ಯಾವ ಪ್ರಯೋಜನಕ್ಕೂ ಇಲ್ಲದವನು ಎಂದ. ಆ ಕಡೆಯ ಹುಡುಗಿ ಎಷ್ಟು ವಿನಯದಿಂದ ಕ್ಷಮೆ ಕೇಳಿದಳೆಂದರೆ, ಇವನೂ ಫೋನಿಗೆ ಬಾಗಿ ನಮಸ್ಕರಿಸಿ, ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿಯೇ ಇಟ್ಟ. ಆದರೂ ದೂರು ದೂರೇ. ಎಷ್ಟೋ ಹೊತ್ತಿನ ಮೇಲೆ ಅವನ ಎದೆ ಹಗುರಾಯಿತು.

ಸಂಜೆ ಅವನು ಕಚೇರಿಗೆ ಕಾಲಿಡುವಾಗ ಉದಗಾವಾ ಕಪ್ಪು ಕೋಟು ತೊಟ್ಟು, ಕೈಯಲ್ಲಿ ಸಿಹಿಯ ಪೆಟ್ಟಿಗೆ ಹಿಡಿದು ಸಿದ್ಧನಾಗಿ ನಿಂತಿದ್ದ.

"ದೂರು ಬಂದಿದೆ. ನಡೀರಿ, ಇಬ್ರೂ ಹೋಗಿ ಕ್ಷಮೆ ಕೇಳ್ಬೇಕು. ಫೋನ್ ನಂಬರಿಂದ ವಿಳಾಸ ಸಿಕ್ಕಿದೆ. ಸಾತಾಕೆ ಅನ್ನೋರ ಮನೆ."

ಸಾತಾಕೆ ಎಂಬುದು ಕುರಮೊಚಿಯ ಅತ್ತೆಯ ಮನೆತನದ ಹೆಸರು.

ದೂರು ಕೊಟ್ಟವರ ಮನೆ ಬಾಗಿಲಿಗೆ ಹೋಗಿ ತಲೆಬಾಗುವುದು ತಪ್ಪಿಸಲಾಗದ ಸಂಪ್ರದಾಯ. ಅದನ್ನು ಮರೆತದ್ದು ಹೇಗೆಂದು ಕುರಮೊಚಿ ದಾರಿಯುದ್ದಕ್ಕೂ ತನ್ನನ್ನೇ ಕೇಳಿಕೊಂಡ. ಅವನಿಗೆ ಅಂಥ ಅಭ್ಯಾಸವೇ ಇರಲಿಲ್ಲ, ದೂರೇ ಬಂದಿರಲಿಲ್ಲವಲ್ಲ. ಊರಿಗೆ ಹೊಸಬನಾದ ಉದಗಾವಾ ಹಿಮದ ಗಲ್ಲಿಯಲ್ಲಿ ಹೆಸರಿನ ಫಲಕ ಹುಡುಕಿ ಬಾಗಿಲು ತಟ್ಟಿದ. ಒಳಗಿನಿಂದ ಚಿಜುರುವಿನ ಚಪ್ಪಲಿಯ ಸದ್ದು ಹತ್ತಿರವಾಯಿತು. ಬಾಗಿಲು ಸರಿಯುವ ಮೊದಲೇ ಇಬ್ಬರೂ ಸೊಂಟ ಮುರಿಯುವಷ್ಟು ಬಾಗಿದರು. ಕ್ಷಮಿಸಿದೆವು ಎನ್ನುವವರೆಗೆ ತಲೆಯೆತ್ತುವ ಹಾಗಿಲ್ಲ. ಕಣ್ಸನ್ನೆ ಮಾಡೋಣವೆಂದರೆ ಕುರಮೊಚಿಯ ಕಣ್ಣೆದುರಿಗೆ ಇದ್ದದ್ದು ತನ್ನದೇ ಮನೆಯ ಹೊಸ್ತಿಲು.

ಈ ಮನೆಯಿಂದ ದೂರು ಬಂದಿದೆ, ಯಂತ್ರ ನೋಡಿಕೊಳ್ಳುವ ಅಯೋಗ್ಯ ಇವನೇ, ದಯವಿಟ್ಟು ಮನ್ನಿಸಬೇಕು ಎಂದು ಉದಗಾವಾ ನಿವೇದಿಸಿದ. ಚಿಜುರು ಗಂಡನ ಬಾಗಿದ ನೆತ್ತಿಯನ್ನು ನೋಡುತ್ತಿದ್ದಳು.

"ಏನೋ ತಪ್ಪಾಗಿದೆ ಸಾರ್. ಈ ಮನೆಯಿಂದ ಯಾರೂ ದೂರು ಕೊಟ್ಟಿಲ್ಲ. ಇವರು ನೋಡಿಕೊಳ್ಳೋ ಯಂತ್ರದಲ್ಲಿ ಚಹಾ ಕೈ ಸುಡೋ ಹಾಗಿರುತ್ತೆ. ಬೇಕಾದ್ರೆ ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ."

ಉದಗಾವಾ ನೆಟ್ಟಗೆ ನಿಂತು ನಿಟ್ಟುಸಿರಿಟ್ಟ. ಹಾಗಾದರೆ ಆ ದೂರನ್ನು ಹೊಡೆದುಹಾಕಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿ, ತಂದ ಪೆಟ್ಟಿಗೆಯನ್ನು ಅಲ್ಲೇ ಇಟ್ಟು, ವರದಿ ಕಳಿಸಲು ಕಚೇರಿಗೆ ಹೊರಟ. ನೀವು ಮನೆಗೆ ಹೋಗಿ ವಿಶ್ರಾಂತಿ ತಗೊಳ್ಳಿ ಎಂದು ಕುರಮೊಚಿಗೆ ಹೇಳಲು ಮರೆಯಲಿಲ್ಲ. ಕುರಮೊಚಿ ಗಲ್ಲಿಯ ತಿರುವಿನವರೆಗೆ ಹೋಗಿ, ಉದಗಾವಾನ ಕಾರು ಮರೆಯಾದ ಮೇಲೆ ತಿರುಗಿ ಬಂದ.

ಚಿಜುರು ಅವನ ಕೋಟಿನ ಹಿಮ ಕೊಡವಿದಳು.

"ರೀ, ನಾನು ಸರಿಯಾಗಿ ಹೇಳಿದೆ ತಾನೆ? ಎಲ್ಲಿ ನಿಮ್ಮ ಕೆಲಸ ಹೋಗುತ್ತೋ ಅಂತ ಪ್ರಾಣವೇ ಹೋಗಿತ್ತು."

"ತುಂಬಾ ಚೆನ್ನಾಗಿ ಹೇಳಿದೆ" ಎಂದ ಕುರಮೊಚಿ. ಅವಳು ಸಿಹಿಯ ಪೆಟ್ಟಿಗೆ ಬಿಚ್ಚಿ ಮುಂದಿಟ್ಟಳು. ಅವನು ಒಂದನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದು ನುಂಗಿದ. ಆಮೇಲೆ, ಮನೆಯಲ್ಲಿ ಉಣ್ಣೆ ಇದ್ದರೆ ತನಗೊಂದು ಸ್ವೆಟರ್ ಹೆಣೆದುಕೊಡಲು ಸಾಧ್ಯವೇ, ಈಗಿರುವುದಕ್ಕಿಂತ ತುಸು ದಪ್ಪದ್ದು, ಎಂದು ಕೇಳಿದ.