ಹತ್ತು ಗೆದ್ದವು, ಮೂರು ಬಿದ್ದವು

ಅರ್ಧ ಗಡ್ಡ ಬೋಳಿಸಿದ ಕ್ಷೌರಿಕ ಕತ್ತಿ ಕೆಳಗಿಟ್ಟು, ಕನ್ನಡಿಯ ಹಿಂದಿನಿಂದ ಒಂದು ಪುಸ್ತಕ ತೆಗೆದು ಸಸ್ಪೆನ್ಸ್ ಸಾರ್ ಮಡಿಲಿಗೆ ಹಾಕಿದ. ಅವರದೇ ಹೊಸ ಕಾದಂಬರಿ, ಹದಿಮೂರನೆಯದು.

“ನಲವತ್ತನೇ ಪುಟಕ್ಕೆ ನಿಲ್ಲಿಸ್ಬಿಟ್ಟೆ ಸಾರ್. ಕಾಯೋ ಗಿರಾಕಿಗಳಿಗೂ ಕೊಟ್ಟು ನೋಡ್ದೆ. ಕೂತಲ್ಲೇ ನಿದ್ದೆ ಹೋಗ್ತಾರೆ, ಕತ್ತು ವಾಲುತ್ತೆ, ಕ್ರಾಪು ಸೊಟ್ಟ ಆಗುತ್ತೆ.”

ಸಾರ್ ಕತ್ತಿನ ಬಿಳಿ ಬಟ್ಟೆ ಕಿತ್ತೆಸೆದು ಎದ್ದರು. “ನನ್ನ ಪುಸ್ತಕ ಅರ್ಧಕ್ಕೆ ಬಿಟ್ಟವನ ಹತ್ರ ನನ್ನ ಗಡ್ಡಾನೂ ಅರ್ಧಕ್ಕೇ ಇರ್ಲಿ” ಎಂದು ಒಂದು ಕೆನ್ನೆಯ ನೊರೆ ಸಮೇತ ಬೀದಿಗಿಳಿದರು.

ಒಂದು ಕಾಲವಿತ್ತು. ಸಾರ್ ಅವರ ಕಾದಂಬರಿ ಬಂದ ವಾರ ಪೇಟೆಯ ಯಾವ ಮನೆಯಲ್ಲೂ ಹಾಲು ಉಕ್ಕದೆ ಉಳಿಯುತ್ತಿರಲಿಲ್ಲ. ಅಧ್ಯಾಯ ಮುಗಿಯದೆ ಡ್ರೈವರ್ ಬಸ್ಸು ಬಿಡುತ್ತಿರಲಿಲ್ಲ; ಪ್ರಯಾಣಿಕರೂ ಅದನ್ನೇ ಓದುತ್ತಿದ್ದರಿಂದ ಯಾರೂ ಗೊಣಗುತ್ತಲೂ ಇರಲಿಲ್ಲ. ಹೀಗೆ ಹತ್ತು ಗೆದ್ದವು. ಆಮೇಲೆ ಭಾವಮೈದ ಒಂದು ಕಂಪ್ಯೂಟರ್ ತಂದುಕೊಟ್ಟ. ಸಾರ್ ಒಂದೇ ಬೆರಳಲ್ಲಿ ಕುಟ್ಟಲು ಕಲಿತು, ಅಲ್ಲಿಯತನಕ ಅವರ ಕೈಬರಹ ಟೈಪ್ ಮಾಡಿಕೊಡುತ್ತಿದ್ದ ಟೈಪಿಂಗ್ ಅಕ್ಕನಿಗೆ ದೊಡ್ಡ ನಮಸ್ಕಾರ ಹೇಳಿದರು. ಹನ್ನೊಂದು, ಹನ್ನೆರಡು, ಹದಿಮೂರು ಸಾಲಾಗಿ ಬಿದ್ದವು. ಹಲ್ಲಿನ ಡಾಕ್ಟರು ಹಲ್ಲು ಕೀಳುವ ಮುಂಚೆ ಹನ್ನೆರಡನೆಯದರ ಎರಡು ಪುಟ ಓದಿಸುತ್ತಾರಂತೆ, ಮತ್ತೆ ಸೂಜಿಯೇ ಬೇಡವಂತೆ.

ಸಾರ್ ಮಾತ್ರ ಜಗ್ಗಲಿಲ್ಲ. ಓದುಗರಿಗೇ ತಲೆ ಕೆಟ್ಟಿದೆ ಅನ್ನುತ್ತಿದ್ದರು. ಅವರದೊಂದು ಹಟವೂ ಇತ್ತು: ಅಚ್ಚಾದ ಮೇಲೆ ತಮ್ಮ ಪುಸ್ತಕವನ್ನು ತೆರೆದೂ ನೋಡುತ್ತಿರಲಿಲ್ಲ. ಮೊದಲ ಕಾದಂಬರಿಯ ರೈಲಿನ ಸೀನು ಓದಿ ಮೈ ಜುಮ್ಮೆಂದಿತು ಎಂದು ಜನ ಹೊಗಳಿದರೆ, ‘ಆಗ್ಲೇಬೇಕಲ್ಲ’ ಎಂದು ಮೀಸೆ ತಿರುವುತ್ತಿದ್ದರು.

ಕ್ಷೌರದಂಗಡಿಯಿಂದ ನೇರ ಲೈಬ್ರರಿಗೆ ಬಂದರೆ ಅಲ್ಲಿ ಇನ್ನೊಂದು ಏಟು. ಪುಸ್ತಕ ಬಾಡಿಗೆಗೆ ಕೊಡುವ ಲೈಬ್ರರಿಯವನು ಬಾಗಿಲ ಪಕ್ಕದ ಕಪಾಟಿನಿಂದ ಸಾರ್ ಅವರ ಹದಿಮೂರನ್ನೂ ಇಳಿಸಿ, ಒಳಗೆ ಪೊರಕೆ ಇಡುವ ಮೂಲೆಗೆ ಸಾಗಿಸುತ್ತಿದ್ದ. ಆ ಜಾಗಕ್ಕೆ ಅಡುಗೆ ಪುಸ್ತಕಗಳು ಬರುತ್ತವಂತೆ.

ಸಾರ್ ಕಪಾಟಿಗೆ ಅಡ್ಡ ನಿಂತರು. “ಸಾಯಂಕಾಲ ಐದಕ್ಕೆ ಎಲ್ರನ್ನೂ ಸೇರ್ಸು. ಮೊದಲನೇ ಕಾದಂಬರಿನ ನಾನೇ ಓದ್ತೀನಿ. ಒಬ್ಬ ಆಕಳಿಸಿದ್ರೂ ಹದಿಮೂರನ್ನೂ ಪೊರಕೆ ಹತ್ರಾನೇ ಇಡು. ಆಕಳಿಸದಿದ್ರೆ, ನಾನು ಸಾಯೋವರೆಗೂ ಈ ಕಪಾಟು ನಂದು.”

ಮನೆಗೆ ಬಂದು ಅಟ್ಟದ ಟ್ರಂಕಿನಿಂದ ಮೊದಲ ಕಾದಂಬರಿಯ ಕೈಬರಹ ಎಳೆಯಹೋಗಿ ಸ್ಟೂಲಿನಿಂದ ಬಿದ್ದರು. ಹಣೆಯಲ್ಲಿ ನಿಂಬೆಹಣ್ಣಿನಷ್ಟು ಬುಗುಟು ಎದ್ದಿತು. ಅಚ್ಚಾದ ಪುಸ್ತಕ ಮೇಜಿನ ಮೇಲೇ ಇದೆಯಲ್ಲ ಎಂದು ಹೆಂಡತಿ ಬಡಕೊಂಡರು.

“ಅಚ್ಚಾದ್ದು ಅಂಗಡಿಗೆ ಕಣೆ. ಕೈಬರಹ ಅಂದ್ರೆ ಹೆತ್ತ ಮಗು” ಎಂದು ಅರ್ಧ ಗಡ್ಡ, ಇಡೀ ಬುಗುಟು ಹೊತ್ತು ಹೊರಟರು.

ಐದಕ್ಕೆ ಲೈಬ್ರರಿ ಕಿಕ್ಕಿರಿದಿತ್ತು. ಸಾರ್ ರೈಲಿನ ಸೀನಿನಿಂದಲೇ ಶುರುಮಾಡಿದರು. ನರ್ಸಮ್ಮ ಬಚ್ಚಿಟ್ಟ ಪತ್ರದೊಂದಿಗೆ ರೈಲು ಹತ್ತಿದಳು. ಕಳ್ಳರು ಹಿಂದೆಯೇ ಹತ್ತಿದರು. ಜನ ಉಸಿರು ಬಿಗಿಹಿಡಿದರು. ಮುಂದಿನದು ಎಲ್ಲರಿಗೂ ಬಾಯಿಪಾಠ. ಆದರೆ ನರ್ಸಮ್ಮ ಕಿಟಕಿಯ ಕಂಬಿ ಹಿಡಿದು ಬದುಕಿನ ಬಗ್ಗೆ ಯೋಚಿಸತೊಡಗಿದಳು. ಒಂದು ಪುಟ ಯೋಚಿಸಿದಳು. ನಾಲ್ಕು ಪುಟ ಯೋಚಿಸಿದಳು. ಏಳನೆಯ ಪುಟದಲ್ಲಿ ಕ್ಷೌರಿಕನಿಗೆ ಮೊದಲ ಆಕಳಿಕೆ ಬಂತು. ಅದು ಬೆಂಚಿನಿಂದ ಬೆಂಚಿಗೆ ನೆಗಡಿಯ ಹಾಗೆ ಹರಡಿತು.

“ಹಾರೋದು ಯಾವಾಗ ಸಾರ್?” ಎಂದ ಕ್ಷೌರಿಕ.

“ಯಾರು ಹಾರೋದು?”

“ನರ್ಸಮ್ಮ. ರೈಲಿಂದ, ಮರಳು ಲಾರಿ ಮೇಲಕ್ಕೆ.”

“ಅವಳ್ಯಾಕಪ್ಪ ಹಾರ್ತಾಳೆ? ಟಿಕೆಟ್ ಇದೆಯಲ್ಲ ಅವಳ ಹತ್ರ.”

ಹಿಂದಿನ ಬೆಂಚಿನಿಂದ ಟೈಪಿಂಗ್ ಅಕ್ಕ ಮೆಲ್ಲಗೆ ಎದ್ದು ನಿಂತರು.

“ಹಾರಿಸಿದ್ದು ನಾನು ಸಾರ್. ಕಣ್ಣಲ್ಲಿ ಪೊರೆ ಇತ್ತು, ನಿಮ್ಮ ಅಕ್ಷರ ನೋಡಿದ್ರೆ ಇರುವೆ ಸಾಲು. ಹೇಳಿದ್ರೆ ಕೆಲಸ ಹೋಗುತ್ತಲ್ಲ. ಕಾಣ್ದೇ ಇದ್ದಲ್ಲೆಲ್ಲಾ ಏನೋ ಒಂದು ತುಂಬಿಸ್ತಿದ್ದೆ. ಅವಳು ರೈಲು ಹತ್ತಿದ ಮೇಲಿನ ಹನ್ನೊಂದು ಪುಟ ಒಂದಕ್ಷರಾನೂ ಕಾಣ್ಲಿಲ್ಲ. ಅದಕ್ಕೇ ಹಾರಿಸಿದೆ.”

ಬೇರೆ ಯಾರಾದರೂ ಆಗಿದ್ದರೆ ಬೆಂಚಿನಡಿ ಸೇರುತ್ತಿದ್ದರು. ಸಾರ್ ಎದೆ ಸೆಟೆಸಿದರು.

“ನಾನು ಬರೀದೇ ಇದ್ದಿದ್ರೆ ನಿಮಗೆ ಕಾಣ್ದೇ ಇರೋಕಾದ್ರೂ ಏನಿರ್ತಿತ್ತು? ಆಯ್ತು, ಕಂಪ್ಯೂಟರ್ ಇವತ್ತೇ ಅಟ್ಟಕ್ಕೆ. ಹದಿನಾಲ್ಕನೇದು ಕೈಯಲ್ಲೇ ಬರೀತೀನಿ. ಟೈಪ್ ಮಾಡೋದು ನೀವೇ.”

ಚಪ್ಪಾಳೆ ಬಿತ್ತು. ಲೈಬ್ರರಿಯವನು ಅಡುಗೆ ಪುಸ್ತಕಗಳನ್ನು ಪಕ್ಕಕ್ಕೆ ತಳ್ಳಿ, ಸಾರ್ ಪುಸ್ತಕಗಳನ್ನು ಒಂದೊಂದಾಗಿ ಬಾಗಿಲ ಕಪಾಟಿಗೆ ಏರಿಸತೊಡಗಿದ.

ಅಕ್ಕ ಆ ಹಾಳೆಗಳನ್ನು ಕೈಗೆ ತೆಗೆದುಕೊಂಡು, ಕನ್ನಡಕವಿಲ್ಲದೆಯೇ ಅರ್ಧ ಪುಟ ಗಳಗಳ ಓದಿ, ಒಂದು ಸಲ ಆಕಳಿಸಿ, ವಾಪಸ್ಸು ಕೊಟ್ಟರು.

“ಹೋದ ತಿಂಗಳು ಎರಡೂ ಕಣ್ಣಿಗೆ ಆಪರೇಷನ್ ಆಯ್ತು ಸಾರ್. ಈಗ ಎಲ್ಲಾ ಕಾಣುತ್ತೆ. ಕಂಡದ್ದು ಬಿಟ್ಟು ಬೇರೆ ಟೈಪ್ ಮಾಡೋಕೆ ನಾನೇನು ಸುಳ್ಳುಗಾರ್ತಿನಾ?”

ಲೈಬ್ರರಿಯವನು ಏರಿಸಿದ್ದನ್ನೆಲ್ಲ ಇಳಿಸಿ, ಎರಡೂ ಕೈಯಲ್ಲಿ ತಬ್ಬಿಕೊಂಡು ಪೊರಕೆಯ ಕಡೆ ನಡೆದ.

ಸಾರ್ ಹಾಳೆಗಳನ್ನು ಕಂಕುಳಲ್ಲಿ ಅವುಚಿಕೊಂಡು ಬಾಗಿಲವರೆಗೆ ಹೋಗಿ, ಬೋಳಿಸಿದ ಕೆನ್ನೆಯನ್ನು ಸಭೆಯತ್ತ ತಿರುಗಿಸಿದರು.

“ಹದಿನಾಲ್ಕನೇದ್ರಲ್ಲೂ ಯಾರೂ ಹಾರಲ್ಲ” ಎಂದರು.