ಹೊತ್ತು ಮುಳುಗುವುದರೊಳಗೆ ನಾನು ಮಾಡಿದ ಅಡುಗೆ

ನಮ್ಮನೆಯ ಮೈಕ್ರೋವೇವ್ ಕೆಟ್ಟು ಕೂತ ದಿನ ಮನೆಯಲ್ಲಿ ಸಂತೋಷಪಟ್ಟ ಏಕೈಕ ಜೀವಿ ನಾನು!

ನಮ್ಮದು ಉಗಾರದಲ್ಲಿ ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ನಾನು ಸಕ್ಕರೆ ಕಾರ್ಖಾನೆಯ ಆಫೀಸಿನಿಂದ, ಹೆಂಡತಿ ಸುಮತಿ ಶಾಲೆಯಿಂದ ಬರುವಷ್ಟರಲ್ಲಿ ಸೂರ್ಯ ಹೊರಡುವ ಗಡಿಬಿಡಿಯಲ್ಲಿರುತ್ತಾನೆ. ಹಾಗಾಗಿ ಮುಂಜಾನೆ ಮಾಡಿಟ್ಟ ಪಲ್ಯ, ಬೇಳೆಯನ್ನು ಮೈಕ್ರೋವೇವಿನಲ್ಲಿ ಗುಂಯ್ ಅನ್ನಿಸಿ, ಬೆಳಕಿರುವಾಗಲೇ ಉಂಡು ಕೈತೊಳೆಯುವುದು ನಮ್ಮ ಪದ್ಧತಿ. ನಿಜ ಹೇಳಬೇಕೆಂದರೆ ನಮ್ಮನೆಯಲ್ಲಿ ಧರ್ಮ ಕಾಯುತ್ತಿದ್ದದ್ದೇ ಆ ಪೆಟ್ಟಿಗೆ. ಆದರೆ ನನಗೆ ಅದರ ಮೇಲೆ ಸಿಟ್ಟು. ವಾಟ್ಸಾಪಿನಲ್ಲಿ ಓದಿ ಓದಿ ನಾನು ಆಹಾರತಜ್ಞನಾಗಿದ್ದೆ.

“ರಿಪೇರಿ ಗಿಪೇರಿ ಬ್ಯಾಡ. ನಮ್ಮ ಆಯಿ ಮೈಕ್ರೋವೇವ್ ಇಟಗೊಂಡಿದ್ಲೇನು? ಒಲಿ ಮುಂದ ಕುಂತು ಬಿಸಿ ಬಿಸಿ ಮಾಡಿ ಹಾಕತಿದ್ಲು. ಅದು ಊಟ!” ಎಂದೆ, ಅಜ್ಜಿಯ ಕೈರುಚಿ ನೆನೆದು.

“ನಿಮ್ಮ ಆಯಿ ದಿನಾ ಸಾಲ್ಯಾಗ ಹುಡುಗರ ಜೋಡಿ ಒದರ್ಯಾಡಿ ಬರತಿರಲಿಲ್ಲ,” ಎಂದಳು ಸುಮತಿ. “ಅಷ್ಟ ಹುರುಪ ಇದ್ರ ಸಂಜಿ ಅಡಗಿ ನೀವ ಮಾಡ್ರಿ.”

“ಅದ್ರಾಗೇನೈತಿ?” ಎಂದುಬಿಟ್ಟೆ. ಗಂಡಸರ ಎಲ್ಲ ಅನಾಹುತಗಳೂ ಈ ಮಾತಿನಿಂದಲೇ ಶುರುವಾಗುತ್ತವೆ.

ಇಬ್ಬರಿಗೂ ಅರ್ಧ ದಿನ ರಜೆಯಿದ್ದ ಆ ಶನಿವಾರವೇ ಅಥಣಿಯಿಂದ ಅತ್ತೆ ಬರುವವರಿದ್ದರು. ಚಾತುರ್ಮಾಸದ ದಿನ, ಅವರ ವ್ರತ ನಮ್ಮದಕ್ಕಿಂತ ಬಿಗಿ. ಬಸ್ ಸ್ಟ್ಯಾಂಡಿಗೆ ಹೊರಟ ಸುಮತಿ ಬಾಗಿಲಲ್ಲಿ ನಿಂತು ಎಚ್ಚರಿಸಿದಳು: “ಅವ್ವನ್ನ ಕರಕೊಂಡ ಬರೂದ್ರಾಗ ತಾಟು ತಯಾರಿರಬೇಕ ನೋಡ್ರಿ. ಹೊತ್ತು ಮುಳುಗಿದ್ರ ಅಕಿ ನೀರೂ ಮುಟ್ಟೂದಿಲ್ಲ. ವಯಸ್ಸಾದ ಜೀವ, ಮುಂಜಾನಿತನಾ ಒಣಾ ಗಂಟಲಿಲೆ ಮಲಗಬೇಕಾಗತೈತಿ.”

“ನೀ ಚಿಂತಿ ಮಾಡಬ್ಯಾಡ,” ಎಂದು ಪಂಚೆ ಎತ್ತಿ ಕಟ್ಟಿದೆ.

ಮೊದಲು ಬೇಳೆ. ತೊಳೆದು, ನೀರು ಹಾಕಿ, ಅರಿಶಿನ ಹಾಕಿ, ಕುಕ್ಕರಿನ ಮುಚ್ಚಳ ಬಿಗಿದು ಉರಿ ದೊಡ್ಡದು ಮಾಡಿದೆ. ಮೂರು ಸೀಟಿಗೆ ಇಳಿಸಬೇಕೆಂದು ಗೊತ್ತಿತ್ತು. ಕಾದೆ. ಸೀಟಿ ಹೊಡೆಯಲಿಲ್ಲ. ಮತ್ತೂ ಕಾದೆ. ಒಳ್ಳೆಯ ಅಡುಗೆಗೆ ತಾಳ್ಮೆ ಬೇಕು ಎಂದು ನನಗೆ ನಾನೇ ಉಪದೇಶ ಮಾಡಿಕೊಂಡೆ. ಸುಟ್ಟ ವಾಸನೆ ಬಂದಾಗ ನೋಡಿದರೆ, ಸೀಟಿ ಕಟ್ಟೆಯ ಮೇಲೆ ಆರಾಮಾಗಿ ಕೂತಿತ್ತು! ಅದನ್ನು ಹಾಕುವುದನ್ನೇ ನಾನು ಮರೆತಿದ್ದೆ.

ಬೇಳೆ ಹೋದರೆ ಹೋಗಲಿ, ರೊಟ್ಟಿ ಇದೆಯಲ್ಲ! ಜೋಳದ ಹಿಟ್ಟಿಗೆ ನಲ್ಲಿಯ ನೀರು ಹಾಕಿ ಕಲಸಿದೆ. ಆಯಿಯ ಹಾಗೆ ಪಟಪಟ ಬಡಿದೆ. ಶಬ್ದ ಮಾತ್ರ ಆಯಿಯದೇ. ಎತ್ತಲು ಹೋದಾಗ ಅರ್ಧ ರೊಟ್ಟಿ ಕೈಗೆ ಬಂತು, ಅರ್ಧ ಹಿಟ್ಟು ಕಲಸಿದ ಪರಾತದಲ್ಲೇ ಉಳಿಯಿತು. ಎರಡನೆಯದು ಹಂಚಿನವರೆಗೂ ಹೋಯಿತು, ಆದರೆ ತುಂಡು ತುಂಡಾಗಿ.

ಎದುರುಮನೆಯ ರತ್ನಾ ವೈನಿ ಕಿಟಕಿಯಲ್ಲಿ ಹಣಕಿದರು. “ಭಾವುಜಿ, ಹಿಟ್ಟಿಗೆ ಕುದಿಯೂ ನೀರು ಹಾಕೀರೇನ್ರಿ?”

“ಹಾಕಬೇಕೇನ್ರಿ?”

ವೈನಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ನೀರು ಕಾಯಲು ಇಟ್ಟೆ. ಪಕ್ಕದ ಉರಿಯ ಮೇಲೆ ಹೀರೇಕಾಯಿ ಪಲ್ಯಕ್ಕೆ ಒಗ್ಗರಣೆ ಇಟ್ಟೆ. ಹೊರಗೆ ಮೋಡ, ಸೂರ್ಯ ಇದ್ದಾನೋ ಹೋಗಿದ್ದಾನೋ ತಿಳಿಯದು. ನೋಡಿ ಬರೋಣವೆಂದು ಮಾಳಿಗೆ ಹತ್ತಿದೆ. ಸೂರ್ಯ ಇದ್ದ. ಇಳಿದು ಬಂದಾಗ ಒಗ್ಗರಣೆ ಇರಲಿಲ್ಲ! ಮನೆತುಂಬ ಹೊಗೆ, ನಾನು ಕೆಮ್ಮುತ್ತ ಕಣ್ಣೊರೆಸುತ್ತ ಹೀರೇಕಾಯಿಯನ್ನು ಬಾಣಲೆಗೆ ಸುರಿದು ಮತ್ತೆ ಹಿಟ್ಟು ಕಲಸಿದೆ.

ಅಂತೂ ಒಂದೂವರೆ ರೊಟ್ಟಿ, ಕರಿ ಬೇಳೆ, ಹಸಿಬಿಸಿ ಪಲ್ಯ ತಾಟಿಗೆ ಹಾಕಿಕೊಂಡು ಹೊರಗೆ ಓಡಿದೆ. ಅತ್ತೆ ರತ್ನಾ ವೈನಿಯ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದರು. ಕಿಟಕಿಯ ಹೊಗೆ ಕಂಡ ಸುಮತಿ ಅವ್ವನನ್ನು ನೇರ ಅಲ್ಲಿಗೇ ಕರೆದೊಯ್ದು ಉಣ್ಣಿಸಿ, ತಾನೂ ಉಂಡಿದ್ದಳು.

“ನಂದು ಊಟ ಆತ್ರಿ ಅಳಿಯಾರ. ರತ್ನಾ ಭಾಳ ಚಲೋ ಮಾಡಿದ್ಲು,” ಎಂದರು ಅತ್ತೆ. ಅಷ್ಟರಲ್ಲಿ ಬೀದಿದೀಪ ಹತ್ತಿತು. ಹೊತ್ತು ಮುಳುಗಿತ್ತು! “ಅಯ್ಯ, ನೀವಿನ್ನೂ ಉಂಡಿಲ್ಲೇನ್ರಿ?”

ತಾಟು ಕೈಯಲ್ಲಿತ್ತು, ಹಸಿವು ಹೊಟ್ಟೆಯಲ್ಲಿತ್ತು, ಮಾನ ಮಾತ್ರ ಎಲ್ಲೂ ಇರಲಿಲ್ಲ. “ಇವತ್ತ ನಂದು ಉಪವಾಸ್ರಿ,” ಎಂದುಬಿಟ್ಟೆ.

ಅತ್ತೆಯ ಕಣ್ಣು ತುಂಬಿ ಬಂತು. “ನೋಡ ಸುಮತಿ, ತಾವು ಉಪವಾಸ ಇದ್ದು ನನಗಂತ ಅಡಗಿ ಮಾಡ್ಯಾರ!”

ಮಧ್ಯಾಹ್ನ ನಾನು ಹೊಟ್ಟೆ ಬಿರಿಯುವಂತೆ ಉಂಡದ್ದನ್ನು ಕಣ್ಣಾರೆ ಕಂಡಿದ್ದ ಸುಮತಿ ನನ್ನ ಕೈಯ ತಾಟು ಇಸಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕಾಗ ನನಗೆ ಯಾವತ್ತೂ ಒಳ್ಳೆಯದಾಗಿಲ್ಲ.

ರಾತ್ರಿಯೆಲ್ಲ ಹೊಟ್ಟೆ ತಾಳ ಹಾಕಿತು. ಬೆಳಕು ಹರಿಯುತ್ತಲೇ ಬೆಕ್ಕಿನ ಹೆಜ್ಜೆಯಲ್ಲಿ ಚುರಮುರಿ ಡಬ್ಬಿಯ ಹತ್ತಿರ ಹೋದೆ. ಅತ್ತೆ ಎದ್ದು ಕೂತಿದ್ದರು!

“ಪಾರಣಿ ಹಂಗ ಮಾಡಬಾರದ್ರಿ ಅಳಿಯಾರ. ಉಪವಾಸ ಬಿಡೂದಂದ್ರ ಬಸದಿಗೆ ಹೋಗಿ, ಪೂಜಿ ಮುಗಿಸ್ಕೊಂಡ ಬರಬೇಕು.”

ಹೋದೆವು. ಪೂಜೆ ಅಂದು ಮುಗಿಯುವ ಲಕ್ಷಣವೇ ಇರಲಿಲ್ಲ. ಅತ್ತೆ ಸಿಕ್ಕಸಿಕ್ಕವರಿಗೆಲ್ಲ ನನ್ನ ಮಹಿಮೆ ಹೇಳಿದರು. ಹೆಂಗಸರು ತಂತಮ್ಮ ಗಂಡಂದಿರಿಗೆ ನನ್ನನ್ನು ಬೆರಳು ಮಾಡಿ ತೋರಿಸಿದರು. ಆ ಗಂಡಂದಿರು ನನ್ನನ್ನು ನೋಡಿದ ನೋಟದಲ್ಲಿ ಅಹಿಂಸೆ ಅಷ್ಟಾಗಿ ಕಾಣಲಿಲ್ಲ.

ಕಡೆಗೂ ಮನೆಗೆ ಬಂದು ತಾಟಿನ ಮುಂದೆ ಕೂತೆ. ಸುಮತಿ ಮಾಡಿದ ಮೆತ್ತನೆಯ ರೊಟ್ಟಿ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

“ಇಂಥಾ ಅಳಿಯ ಸಿಗಾಕ ಪುಣ್ಯಾ ಮಾಡಿರಬೇಕು,” ಎಂದರು ಅತ್ತೆ. “ತಿಂಗಳಿಗೊಮ್ಮೆರ ಉಪವಾಸ ಮಾಡಕೋತ ಹೋಗ್ರಿ.”

“ತಿಂಗಳಿಗೊಮ್ಮೆ ಯಾಕವ್ವಾ?” ಸುಮತಿ ಬಾಯಿ ಬಿಟ್ಟಳು. “ಇನ್ನ ಮ್ಯಾಲ ಸಂಜಿ ಅಡಗಿ ಅವರ ಮಾಡ್ತಾರಂತ. ದಿನಾ ಉಪವಾಸ ತಾನ ಆಗತೈತಿ!”

ತುತ್ತು ನುಂಗಿದವನೇ ಎದ್ದೆ. ಸ್ವಲ್ಪ ಹೊತ್ತಿನಲ್ಲಿ ಉಗಾರದ ಜನರಿಗೆ ಅಪೂರ್ವ ದರ್ಶನವಾಯಿತು: ಪುಣ್ಯವಂತ ಅಳಿಯ ಮೈಕ್ರೋವೇವನ್ನು ಎದೆಗೆ ಅವುಚಿಕೊಂಡು ರಿಪೇರಿ ಅಂಗಡಿಯತ್ತ ಓಡುತ್ತಿದ್ದಾನೆ!

ಅಂಗಡಿಗೆ ಕೀಲಿ ಬಿದ್ದಿತ್ತು. ರವಿವಾರ. ಸಂಜೆ ಅಡುಗೆ ಮತ್ತೆ ನನ್ನದೇ.