ಗೇಮ್ ಮಾಸ್ಟರ್ ಹುದ್ದೆಯಿಂದ ನನ್ನ ಬಾಯಿಯನ್ನು ಬಿಡುಗಡೆಗೊಳಿಸುವ ಕುರಿತು

ದಿನಾಂಕ: 16.11.2025, ಭಾನುವಾರ
ಸಮಯ: ಬೆಳಿಗ್ಗೆ 10.40
ಸ್ಥಳ: ಬಳ್ಳಾರಿ

ಇಂದ,
ಹೊನ್ನೂರಸ್ವಾಮಿ, ಎಂ.ಎಸ್ಸಿ. (ರಸಾಯನಶಾಸ್ತ್ರ)
ವಾರದ ದಿನಗಳಲ್ಲಿ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ನೀರಿನ ಪರೀಕ್ಷಕ,
ಭಾನುವಾರ ಗೇಮ್ ಮಾಸ್ಟರ್

ಗೆ,
ಶ್ರೀ ಹುಲುಗೇಶ್,
ಮೇಜಿನ ಮಾಲೀಕರು ಹಾಗೂ ನಿಯಮಪಾಲಕರು,
ಮೊಬೈಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ, ಸತ್ಯನಾರಾಯಣಪೇಟೆ

ವಿಷಯ: ನಯಾಜ್ ಮರಳಿ ಆಟಕ್ಕೆ ಬರುವ ಸಲುವಾಗಿ ನನ್ನನ್ನು ಹುದ್ದೆಯಿಂದ ಇಳಿಸುವ ಬಗ್ಗೆ.

ಉಲ್ಲೇಖ: ಅಂಗಡಿಯ ಮೆಟ್ಟಿಲ ಮೇಲೆ ತಾವು ನೀಡಿದ ಮೌಖಿಕ ಆದೇಶ: "ಏನ್ ಹೇಳೋದಿದ್ರೂ ಬರದು ಕೊಡಪಾ. ನಿನ್ನ ಬಾಯಿ ಮ್ಯಾಲ ಯಾರಿಗೂ ನಂಬಿಕಿ ಉಳದಿಲ್ಲ."

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮದು ದಾಳ ಮತ್ತು ಮಾತಿನ ಆಟ. ತಾವು, ನನ್ನ ಹೆಂಡತಿ ಸುಧಾರಾಣಿ ಮತ್ತು ಕುರುಗೋಡಿನ ನಯಾಜ್ ತಲಾ ಒಬ್ಬ ವೀರನನ್ನು ಕಲ್ಪಿಸಿಕೊಂಡು ಆಡುತ್ತೀರಿ. ಉಳಿದ ಲೋಕವೆಲ್ಲ, ಅಂದರೆ ಕೋಟೆ, ಕಾಡು, ರಾಕ್ಷಸರು, ಹವಾಮಾನ, ಇವೆಲ್ಲ ಗೇಮ್ ಮಾಸ್ಟರ್ ಆದ ನನ್ನ ಬಾಯಿಂದ ಬರಬೇಕು. ತೊಂದರೆ ಇರುವುದು ಅಲ್ಲಿಯೇ.

ಗೇಮ್ ಮಾಸ್ಟರ್ ಒಮ್ಮೆ ಆಡಿದ ಮಾತು ಆ ಲೋಕದಲ್ಲಿ ನಡೆದೇ ಹೋಯಿತು, ಹಿಂದಕ್ಕೆ ಪಡೆಯುವಂತಿಲ್ಲ ಎಂಬ ನಿಯಮವನ್ನು ತಂದವನು ನಾನೇ. ಪ್ರಯೋಗಾಲಯದಲ್ಲಿ ಬರೆದ ಅಂಕಿಯನ್ನು ಅಳಿಸುವಂತಿಲ್ಲ ಎಂದು ಆಗ ಉದಾಹರಣೆ ಕೊಟ್ಟಿದ್ದೆ. ಆದರೆ ತಪ್ಪು ಅಂಕಿಯ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಮಾಡಲು ಅಲ್ಲಿ ಅವಕಾಶವಿದೆ. ಆ ಅರ್ಧವನ್ನು ಹೇಳಲು ಮರೆತಿದ್ದೆ. ಕಾರಣ, ಈ ಕೆಳಗಿನವು ಸಂಭವಿಸಿದವು.

1. ಕೋಟೆಯ ಬಾಗಿಲಲ್ಲಿ ರಾಕ್ಷಸನು "ಕತ್ತಿ ಕೆಳಗಿಡಿ" ಎಂದು ಗರ್ಜಿಸಬೇಕಿತ್ತು. ರಾತ್ರಿ ಪಾಳಿ ಮುಗಿಸಿ ಬಂದಿದ್ದ ನಾನು "ಗೇಟ್ ಪಾಸ್ ತೋರಿಸ್ರಿ, ಹೆಲ್ಮೆಟ್ ಹಾಕ್ಕೊಂಡು ಒಳಗ ಬರ್ರಿ" ಎಂದೆ. ತಾವು ಕೂಡಲೇ ನಕಲಿ ಗೇಟ್ ಪಾಸ್ ಬರೆದಿರಿ. ನಾನು ಮಳೆಗಾಲವಿಡೀ ಕೂತು ರಚಿಸಿದ್ದ ಕೋಟೆ ಒಂದು ಹನಿ ರಕ್ತವಿಲ್ಲದೆ ಬಿತ್ತು.

2. ಮಾಟಗಾತಿಯ ಸೇವಕನ ದನಿಯಲ್ಲಿ ಮಾತಾಡುತ್ತಾ ಆಕೆಯನ್ನು "ಅತ್ತೀ" ಎಂದು ಕರೆದೆ. ನನ್ನ ಅತ್ತೆ ಸಾವಂತ್ರಮ್ಮನವರು ಸಿರುಗುಪ್ಪದಲ್ಲಿ ಕ್ಷೇಮವಾಗಿದ್ದಾರೆ, ಅವರಿಗೆ ಮಾಟ ಬರುವುದಿಲ್ಲ. ಸುಧಾರಾಣಿ ದಾಳ ಕೆಳಗಿಟ್ಟು, "ಸಿರುಗುಪ್ಪಕ್ಕ ಫೋನ್ ಹಚ್ಚಿ ಕೊಡ್ತೀನಿ, ನೀವ ಹೇಳ್ರಿ" ಎಂದಳು. ಅಂದಿನಿಂದ ಮಾಟಗಾತಿಯು ಎಲ್ಲ ವೀರರಿಗೂ ಅತ್ತೆಯಾಗಿದ್ದು, ಕಾಲಿಗೆ ಬೀಳದೆ ಆಕೆಯ ಮೇಲೆ ಕತ್ತಿ ಎತ್ತುವಂತಿಲ್ಲ.

3. ಆದ್ದರಿಂದ ಮುಂದೆ ಎಲ್ಲವನ್ನೂ ಬರೆದುಕೊಂಡು ಬಂದು ಓದತೊಡಗಿದೆ. "ಮುದುಕಿ ಪ್ರೀತಿಯಿಂದ ಗಂಜಿ ಕೊಡುತ್ತಾಳೆ, ಅದರಲ್ಲಿ ವಿಷ ಇದೆ, ಇದನ್ನು ಹೇಳಬೇಡ" ಎಂದು ಸ್ಪಷ್ಟವಾಗಿ, ಪೂರ್ಣವಿರಾಮದವರೆಗೆ ಓದಿದೆ. ಯಾರೂ ಗಂಜಿ ಕುಡಿಯಲಿಲ್ಲ.

ಇಲ್ಲಿಯವರೆಗೆ ನಷ್ಟವೆಲ್ಲ ನನ್ನದೇ. ಅಕ್ಟೋಬರ್ 19ರಂದು ಹಾಗಾಗಲಿಲ್ಲ.

ನಯಾಜ್ ಜೀನ್ಸ್ ಕಟಿಂಗ್ ಮಾಸ್ಟರ್, ಪಿಯುಸಿಯಿಂದ ನನ್ನ ಗೆಳೆಯ. ಅವನ ವೀರನ ಹೆಸರು ದಾವಲ. ಅದು ಕರೂರಿನಲ್ಲಿ ಅವನನ್ನು ಸಾಕಿ ಬೆಳೆಸಿದ, ಈಗ ಇಲ್ಲದ ಅಜ್ಜ ದಾವಲಸಾಬರ ಹೆಸರು. ಅಜ್ಜನಂತೆಯೇ ಆ ವೀರನೂ ಎಡಗೈಯವನು, ಊಟವಾದ ಮೇಲೆ ಯಾರ ಜೊತೆಗೂ ಜಗಳ ಆಡದವನು. ಅಂದು ಸೇತುವೆಯ ಮೇಲೆ ದಾವಲ ಬಿಟ್ಟ ಬಾಣ ರಾಕ್ಷಸನ ಕೊರಳಿಗೆ ನಾಟಿತು. ಎಲ್ಲರೂ ಎದ್ದು ನಿಂತರು. ರಾಕ್ಷಸ ಸತ್ತನೆಂದು ಸಾರಲು ನಾನೂ ಎದ್ದು ನಿಂತು, ದನಿ ಏರಿಸಿ, "ದಾವಲ ಸತ್ತ" ಎಂದೆ.

ನಯಾಜ್ ಮೊದಲು ನಕ್ಕ. "ನಮ್ಮಜ್ಜಾರನ್ನ ಎರಡನೇ ಸಲ ಮಣ್ಣು ಮಾಡಿದಂಗಾತು ನೋಡು" ಎಂದ. ಆಮೇಲೆ ದಾವಲನ ವಿವರ ಬರೆದಿದ್ದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಬಸ್ಸಿಗೆ ಹೋದ. ಅಂದಿನಿಂದ ಬಂದಿಲ್ಲ.

ದಾವಲನನ್ನು ಬದುಕಿಸಲು ತಾವು ಸಿದ್ಧರಿದ್ದಿರಿ. ಅದನ್ನು ತಿಳಿಸಲು ನಾನು ಕುರುಗೋಡಿಗೆ ಹೋದೆ. ನಯಾಜ್ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದ. ತಲೆ ಎತ್ತದೆಯೇ ಹೇಳಿದ:

"ಗಂಜ್ಯಾಗ ವಿಷ ಐತಿ ಅಂತ ನೀ ಬಾಯಿ ಬಿಟ್ಟಿದ್ದಕ್ಕ ನಾವು ಉಳದ್ವಿ. ಅವತ್ತು ನಿಯಮ ಬೇಕಿತ್ತು, ಇವತ್ತು ಬ್ಯಾಡಂದ್ರ ಹೆಂಗ್ಲೇ ಸ್ವಾಮಿ? ಸತ್ತ ಅಂದ್ರ ಸತ್ತ."

"ಹಂಗಾರ ಇನ್ನೊಬ್ಬ ವೀರನ್ನ ಮಾಡ್ಕೋ."

"ಇನ್ನೊಬ್ಬನ್ನ ಹುಟ್ಟಸಿ ಮತ್ತ ನಿನ್ನ ಬಾಯಿಗೆ ಕೊಡ್ಲೇನು?"

ಬೈಕ್ ಹತ್ತಿ ಊರ ಹೊರಗಿನವರೆಗೆ ಬಂದು, ಅಲ್ಲಿ ನಿಂತು ಯೋಚಿಸಿದೆ. ಅವನ ಆಕ್ಷೇಪಣೆ ಆಟದ ಬಗ್ಗೆ ಇರಲಿಲ್ಲ, ನಿಯಮದ ಬಗ್ಗೆಯೂ ಇರಲಿಲ್ಲ. ಬಾಯಿಯೊಂದರ ಬಗ್ಗೆ ಮಾತ್ರ ಇತ್ತು. ಸಮೀಕರಣದಲ್ಲಿ ಬದಲಾಯಿಸಬಹುದಾದ ಅಂಶ ಅದೊಂದೇ. ಆದ್ದರಿಂದ ತಿರುಗಿ ಹೋದೆ.

"ನಾನು ಇಳೀತೀನಿ. ನೀ ನಡೆಸು ಆಟಾನ" ಎಂದೆ.

ಅವನು ಕತ್ತರಿ ಕೆಳಗಿಟ್ಟ.

"ನೀನೂ ಒಬ್ಬ ವೀರನ್ನ ಮಾಡ್ಕೊಂಡು ನನ್ ಮುಂದ ಕುಂದರ್ತಿ?"

"ಹ್ಞೂಂ."

"ನಾ ಏನಂದ್ರೂ ಅದು ನಡೀತೈತಿ?"

"ನಿಯಮ ಹಂಗ ಐತಿ."

"ಹಂಗಾರ ನಿನ್ ವೀರನಿಗೆ ನಿಮ್ಮಜ್ಜನ ಹೆಸರಿಡು. ಬರ್ತೀನಿ."

ನನ್ನ ಅಜ್ಜ ಎರ್ರೆಪ್ಪ. ಹಾಳೆಯ ಮೇಲೆ ಅವರ ಹೆಸರು ಬರೆಯಲು ನನಗೆ ಎರಡು ದಿನ ಹಿಡಿಯಿತು. ದಾವಲನ ಹೆಸರನ್ನು ಅಷ್ಟು ಜೋರಾಗಿ ಕೂಗಿದವನು ನಾನು ಎಂಬುದು ಆ ಎರಡು ದಿನವೂ ನೆನಪಿಗೆ ಬರುತ್ತಿತ್ತು.

ಆದಕಾರಣ, ಇಂದು ಮಧ್ಯಾಹ್ನದಿಂದಲೇ ಜಾರಿಗೆ ಬರುವಂತೆ ನನ್ನನ್ನು ಹುದ್ದೆಯಿಂದ ಇಳಿಸಿ, ಸದರಿ ನಯಾಜ್‌ನನ್ನು ನೇಮಿಸಬೇಕಾಗಿಯೂ, ನನಗೆ ಕಿಟಕಿಯ ಪಕ್ಕದ ಕುರ್ಚಿ ಕೊಟ್ಟು, ಕೈ ಎತ್ತಿ ಅಪ್ಪಣೆ ಪಡೆದ ನಂತರವೇ ಮಾತಾಡತಕ್ಕದ್ದು ಎಂದು ಆದೇಶಿಸಬೇಕಾಗಿಯೂ ಪ್ರಾರ್ಥನೆ. ಎರ್ರೆಪ್ಪನವರನ್ನು ಮೊದಲನೇ ದಿನವೇ ಸೇತುವೆಯ ಮೇಲೆ ಕಳಿಸದಿರುವಂತೆ ಹೊಸ ಗೇಮ್ ಮಾಸ್ಟರ್ ಅವರಿಗೆ ತಾವು ಒಂದು ಮಾತು ಹೇಳಿದರೆ ಉಪಕಾರವಾಗುತ್ತದೆ. ನಾನು ಹೇಳಿದರೆ ಏನಾಗುತ್ತದೋ ಗೊತ್ತಿಲ್ಲ.

ಬರವಣಿಗೆಯಲ್ಲಿ ಮಾತ್ರ ತಮ್ಮ ವಿಶ್ವಾಸಿ,
(ಹೊನ್ನೂರಸ್ವಾಮಿ)

ಲಗತ್ತುಗಳು:
1. ದಾಳಗಳು, ಜೀನ್ಸ್ ತುಂಡಿನಲ್ಲಿ ನಯಾಜ್ ಹೊಲಿದ ಚೀಲದ ಸಮೇತ.
2. ಸುಧಾರಾಣಿಯ ಒಪ್ಪಿಗೆ ಪತ್ರ ("ಯಾವತ್ತೋ ಆಗಬೇಕಿತ್ತು" ಎಂಬ ಷರಾದೊಂದಿಗೆ).
3. ನನ್ನ ವೀರನ ಹಾಳೆ. ಹೆಸರು: ಎರ್ರೆಪ್ಪ. ಆಯುಧ: ಇಲ್ಲ, ಟವೆಲ್ ಮಾತ್ರ. ಎತ್ತರ: ಅಜ್ಜನಷ್ಟೇ, 158 ಸೆಂಟಿಮೀಟರ್.